ಮನೆಶಾಲೆಯ ಮಾಸ್ತರನ ಕುರಿ ಲೆಕ್ಕ

ಬೇರೆಯವರ ಮಕ್ಕಳಿಗೆ ಪಾಠ ಹೇಳುವುದು ಉದ್ಯೋಗ, ಸ್ವಂತ ಮಕ್ಕಳಿಗೆ ಪಾಠ ಹೇಳುವುದು ಚಟ. ಉದ್ಯೋಗಕ್ಕಾದರೆ ರವಿವಾರವಿದೆ, ಮೇ ತಿಂಗಳ ಸೂಟಿಯಿದೆ, ವಯಸ್ಸಾದ ಮೇಲೆ ಹಾರ ಹಾಕಿ ಮನೆಗೆ ಕಳಿಸುವ ಪದ್ಧತಿಯಿದೆ. ಚಟಕ್ಕೆ ಇದಾವುದೂ ಇಲ್ಲ. ತಂಬಾಕಿನ ಚಟ ಇರುವವನು ಉಗುಳಲು ಮೂಲೆಗಾದರೂ ಹೋಗುತ್ತಾನೆ. ಪಾಠದ ಚಟ ಇರುವವನು ಎದುರಿಗೆ ಕೂತವರ ಮೇಲೆಯೇ ಸುರಿಸುತ್ತಾನೆ, ಅದೂ ಅವರ ಒಳ್ಳೆಯದಕ್ಕೆಂದೇ. ಇದನ್ನು ಕೇಳಿ ಹೇಳುತ್ತಿಲ್ಲ, ಮಾಡಿ ಹೇಳುತ್ತಿದ್ದೇನೆ. ಇಚಲಕರಂಜಿಯ ನಮ್ಮ ಮನೆಯಲ್ಲಿ ಒಂದು ವರ್ಷ ಒಂದು ಶಾಲೆ ನಡೆಯಿತು. ವಿದ್ಯಾರ್ಥಿನಿ ಒಬ್ಬಳೇ, ನನ್ನ ಮಗಳು ರೇಣುಕಾ, ವಯಸ್ಸು ಹತ್ತು. ಮುಖ್ಯೋಪಾಧ್ಯಾಯ, ಸಹಶಿಕ್ಷಕ, ಸಿಪಾಯಿ ಮೂವರೂ ನಾನೇ. ಆ ಶಾಲೆ ಈಗ ಮುಚ್ಚಿದೆ. ಯಾಕೆ ಮುಚ್ಚಿತು ಎಂದು ಕೇಳಿದವರಿಗೆಲ್ಲ ಒಂದೊಂದು ಕಾರಣ ಹೇಳುತ್ತ ಬಂದಿದ್ದೇನೆ. ನಿಜವಾದದ್ದನ್ನು ಇಲ್ಲಿ ಹೇಳಿಬಿಡುತ್ತೇನೆ. ಹೊಟ್ಟೆಯಲ್ಲಿಟ್ಟುಕೊಂಡು ಸಾಕಾಗಿದೆ.

ನಾನು ಓದಿದ್ದು ಹತ್ತನೆಯ ಇಯತ್ತೆಯವರೆಗೆ. ಅದನ್ನು ಎರಡು ಸಲ ಓದಿದ್ದರಿಂದ ನನ್ನ ಪಾಯ ಬೇರೆಯವರಿಗಿಂತ ಗಟ್ಟಿ ಎಂಬುದು ನನ್ನ ನಂಬಿಕೆ. ನಮ್ಮ ಮನೆತನ ಗಡಹಿಂಗ್ಲಜದ ಬಳಿಯ ಒಂದು ಹಳ್ಳಿಯದು. ಅಜ್ಜನ ಅಜ್ಜ ಕರ್ನಾಟಕದ ಕಡೆಯಿಂದ ಕುರಿಗಳ ಹಿಂದೆ ನಡೆಯುತ್ತ ನಡೆಯುತ್ತ ಬಂದು, ಹುಲ್ಲು ಚೆನ್ನಾಗಿ ಕಂಡಲ್ಲಿ ನಿಂತನಂತೆ. ಅಣ್ಣ ಸಿದ್ಧಪ್ಪ ಈಗಲೂ ಕುರಿ ಸಾಕುತ್ತಾನೆ. ನಾನು ಹದಿನೆಂಟಕ್ಕೇ ಇಚಲಕರಂಜಿಗೆ ಬಂದು ಮಗ್ಗದ ಕಾರಖಾನೆ ಸೇರಿದೆ. ಈಗ ಮನೆಯ ಮುಂದಿನ ಖೋಲಿಯಲ್ಲಿ ಒಂದು ಲೇತ್ ಇಟ್ಟುಕೊಂಡು ಮಗ್ಗದ ಬಿಡಿಭಾಗಗಳನ್ನು ಮಾಡಿಕೊಡುತ್ತೇನೆ. ಹೆಂಡತಿ ಸುನಂದಾ ಇದೇ ಊರಿನ ಒಂದು ಮರಾಠಿ ಶಾಲೆಯಲ್ಲಿ ಶಿಕ್ಷಕಿ. ನೀವು ಸರಿಯಾಗಿಯೇ ಓದಿದಿರಿ. ಮನೆಯಲ್ಲಿ ಶಿಕ್ಷಕಿ ಇದ್ದಳು. ಅವಳು ಬೆಳಿಗ್ಗೆ ಎದ್ದು ಊರವರ ಮಕ್ಕಳಿಗೆ ಪಾಠ ಹೇಳಲು ಹೋಗುತ್ತಿದ್ದಳು. ಅವಳ ಮಗಳಿಗೆ ಲೇತ್ ನಡೆಸುವ ಗಂಡ ಪಾಠ ಹೇಳುತ್ತಿದ್ದ. ಹಿತ್ತಲ ಗಿಡ ಮದ್ದಲ್ಲ ಎನ್ನುತ್ತಾರಲ್ಲ, ಹಾಗೆ. ಬಾಜೂಮನೆಯ ಕಾಕೂ ಒಮ್ಮೆ ಬಹಳ ಕಾಳಜಿಯಿಂದ ಸುನಂದಾಳನ್ನು ಕೇಳಿದರು: "ತುಮಚೀ ಶಾಳಾ ಇತಕೀ ವಾಈಟ್ ಆಹೇ ಕಾ ಹೋ?" ನಿಮ್ಮ ಶಾಲೆ ಅಷ್ಟು ಕೆಟ್ಟದೇನು ಎಂದು. ಸುನಂದಾ ಅವತ್ತು ಮನೆಗೆ ಬಂದು ನನ್ನನ್ನು ನೋಡಿದ ರೀತಿಗೆ ಲೇತ್ ತಾನಾಗಿ ನಿಲ್ಲಬೇಕಿತ್ತು.

ಈ ಹುಚ್ಚು ಹತ್ತಿದ್ದು ಕೊಲ್ಹಾಪುರದಲ್ಲಿ. ಒಂದು ಕೆಲಸಕ್ಕೆಂದು ಹೋದವನು ರಂಕಾಳಾ ಕೆರೆಯ ದಂಡೆಯಲ್ಲಿ ಭಡಂಗ ಚುರುಮುರಿ ತಿನ್ನುತ್ತ ಕೂತಿದ್ದೆ. ಪಕ್ಕದಲ್ಲಿ ಹತ್ತಿಪ್ಪತ್ತು ತಂದೆತಾಯಿಯರು ಮಕ್ಕಳನ್ನು ಕಟ್ಟಿಕೊಂಡು ವರ್ತುಲವಾಗಿ ಕೂತಿದ್ದರು. ಮಕ್ಕಳನ್ನು ಶಾಲೆಗೆ ಕಳಿಸದೆ ಮನೆಯಲ್ಲೇ ಕಲಿಸುವವರು, ತಿಂಗಳಿಗೊಮ್ಮೆ ಸೇರುತ್ತಾರೆ. ಒಬ್ಬ ಹುಡುಗ ತಾನೇ ಮಾಡಿದ ಗಾಳಿಯಂತ್ರ ತೋರಿಸಿದ, ಒಬ್ಬ ಹುಡುಗಿ ಇರುವೆಗಳ ಬಗ್ಗೆ ಇಪ್ಪತ್ತು ನಿಮಿಷ ಮಾತಾಡಿದಳು. ನನ್ನ ಮಗಳಿಗೂ ಇರುವೆ ಕಚ್ಚಿತ್ತು, ಆದರೆ ಅವಳು ಅತ್ತಿದ್ದಳೇ ಹೊರತು ಮಾತಾಡಿರಲಿಲ್ಲ. ಅದು ನನ್ನ ಮನಸ್ಸಿಗೆ ನಾಟಿತು. ಇನ್ನೊಂದು ಕಾರಣವೂ ಇತ್ತು. ಮನೆಯಲ್ಲಿ ಕನ್ನಡ, ಓಣಿಯಲ್ಲಿ ಮರಾಠಿ, ಶಾಲೆಯಲ್ಲಿ ಮರಾಠಿ. ಹುಡುಗಿಗೆ ಕನ್ನಡ ಮಾತಾಡಲು ಬರುತ್ತದೆ, ಓದಲು ಬರುವುದಿಲ್ಲ. ಮನೆಯಲ್ಲಿ ಕಲಿತರೆ ಅದೂ ಆದೀತು ಎಂದುಕೊಂಡೆ. ಸುನಂದಾ ಮೂರು ದಿನ ನನ್ನ ವಾದ ಕೇಳಿ, ನಾಲ್ಕನೆಯ ದಿನ, "ಆತ ಬಿಡ್ರಿ, ಒಂದ ವರ್ಷ ಮಾಡಿ ನೋಡ್ರಿ. ಆದ್ರ ಆಮ್ಯಾಲೆ ನಿಮ್ಮನ್ನ ಕೇಳಂಗಿಲ್ಲ, ಅಕೀನ ಕೇಳಾಕಿ ನಾ" ಎಂದಳು. ಇದರಲ್ಲಿ ನನಗೆ 'ಮಾಡಿ ನೋಡ್ರಿ' ಎಂಬಷ್ಟೇ ಕೇಳಿಸಿತು.

ಕನ್ನಡ ಕಲಿಸಿದ್ದು ಸುಳ್ಳಲ್ಲ. ನಾಲ್ಕು ತಿಂಗಳಲ್ಲಿ ಹುಡುಗಿ ಓದತೊಡಗಿದಳು. ಅಷ್ಟಕ್ಕೇ ನಿಲ್ಲಿಸಿದ್ದರೆ ಇವತ್ತು ಈ ಮಾತು ಬರೆಯುವ ಪ್ರಸಂಗವೇ ಬರುತ್ತಿರಲಿಲ್ಲ. ಆದರೆ ಕೊಲ್ಹಾಪುರದ ಆ ತಂದೆತಾಯಿಯರು ಹೇಳಿದ್ದರು, ಬದುಕೇ ಪಾಠಶಾಲೆ, ಕಂಡದ್ದೆಲ್ಲ ಪುಸ್ತಕ ಎಂದು. ನಾನು ಅದನ್ನು ಅಕ್ಷರಶಃ ನಂಬಿದೆ. ರೊಟ್ಟಿ ತಟ್ಟಿದರೆ ತ್ರಿಜ್ಯ, ವ್ಯಾಸ, ಪರಿಧಿ. ಕುಕ್ಕರ್ ಕೂಗಿದರೆ ಉಗಿಯ ಒತ್ತಡ; ಆ ಪಾಠ ಮುಗಿಯುವಷ್ಟರಲ್ಲಿ ಬೇಳೆ ತಳ ಹಿಡಿದು, ಇಂಗಾಲದ ಪಾಠಕ್ಕೂ ದಾರಿಯಾಯಿತು. ಹುಟ್ಟುಹಬ್ಬದ ಕೇಕನ್ನು ಮೊದಲು ಅರ್ಧ, ಆಮೇಲೆ ಅರ್ಧದ ಅರ್ಧ, ಆಮೇಲೆ ಎಂಟನೆಯ ಒಂದು ಭಾಗ ಎಂದು ಕತ್ತರಿಸಿ, ಮೂರು ಎಂಟನೆಯ ಭಾಗ ತಿಂದರೆ ಎಷ್ಟು ಉಳಿಯಿತು ಎಂದು ಕೇಳಿದಾಗ, ಬಂದಿದ್ದ ಓಣಿಯ ಮಕ್ಕಳು ಒಬ್ಬೊಬ್ಬರಾಗಿ ಚಪ್ಪಲಿ ಹಾಕಿಕೊಂಡರು. ಒಂದು ದಿನ ರೇಣು ಮೆಟ್ಟಿಲ ಮೇಲೆ ಬಿದ್ದು ಮೊಣಕಾಲು ಒಡೆದುಕೊಂಡಳು. ರಕ್ತ ಹೆಪ್ಪುಗಟ್ಟುವುದು ಹೇಗೆ ಎಂದು ವಿವರಿಸಲು ಇದಕ್ಕಿಂತ ಒಳ್ಳೆಯ ಹೊತ್ತು ಸಿಗುವುದಿಲ್ಲವೆಂದು ನಾನು ಶುರು ಮಾಡಿದೆ. ಪಾಠ ಅರ್ಧವಾಗುವಷ್ಟರಲ್ಲಿ ಕಾಕೂ ಅರಿಶಿಣದ ಡಬ್ಬಿ ಹಿಡಿದು ಓಡಿಬಂದು ನನ್ನನ್ನು ಪಕ್ಕಕ್ಕೆ ತಳ್ಳಿದರು. ಆಗೆಲ್ಲ ನನಗೆ ಹೆಮ್ಮೆಯೇ. ಕಣ್ಣಲ್ಲಿ ನೀರು ತುಂಬಿಕೊಂಡೂ ಹುಡುಗಿ ತಲೆಯಾಡಿಸುತ್ತಿದ್ದಳು. ಅದನ್ನು ನಾನು ಪಾಠ ತಿಳಿದ ಲಕ್ಷಣ ಎಂದುಕೊಂಡಿದ್ದೆ.

ಏಪ್ರಿಲ್ ತಿಂಗಳಲ್ಲಿ ಅವಳನ್ನು ಕರೆದುಕೊಂಡು ಗಡಹಿಂಗ್ಲಜಕ್ಕೆ ಹೋದೆ. ಆಗ ಕಬ್ಬು ಕಡಿದು ಹೊಲಗಳು ಬರಿದಾಗಿರುತ್ತವೆ. ಹೊಲದವರು ಕುರಿಗಾರರನ್ನು ಕರೆದು, ಗೊಬ್ಬರವಾಗಲೆಂದು ನಾಲ್ಕಾರು ದಿನ ಹಿಂಡು ಕೂಡಿಸಿಕೊಳ್ಳುತ್ತಾರೆ. ಅಣ್ಣ ಹಾಗೆ ಒಬ್ಬರ ಹೊಲದಲ್ಲಿ ಬಲೆಯ ಬೇಲಿ ಕಟ್ಟಿ, ಬೇವಿನ ಗಿಡದ ಕೆಳಗೆ ಬಿಡಾರ ಮಾಡಿದ್ದ. ಅವನ ಹೆಂಡತಿ ಮಾಳವ್ವ ವೈನಿ ಮೂರು ಕಲ್ಲು ಹೂಡಿ ರೊಟ್ಟಿ ಮಾಡುತ್ತಿದ್ದರು. ಇಲ್ಲಿ ನಮ್ಮ ಮನೆತನದ ಒಂದು ರೂಢಿ ಹೇಳಬೇಕು. ನಾವು ಕುರಿ ಎಣಿಸುವುದಿಲ್ಲ. ಎಣಿಸಿದರೆ ಹಿಂಡು ಸೊರಗುತ್ತದೆ ಎಂದು ನಂಬಿಕೆ. ನಾನು ಸಣ್ಣವನಿದ್ದಾಗ ಹಿಂಡಿನ ಎದುರು ಬೆರಳು ಮಡಚಿದರೂ ಅಪ್ಪ ಕಣ್ಣು ಬಿಡುತ್ತಿದ್ದ. ದನದ ಡಾಕ್ಟರು ಔಷಧ ಹಾಕಲು ಬಂದು "ಎಷ್ಟು ಕುರಿ?" ಅಂದರೆ ಅಣ್ಣ ಈಗಲೂ, "ಭಾಳ ಅದಾವ್ರಿ, ನೀವು ಹಾಕ್ಕೋತ ಹೋಗ್ರಿ" ಅನ್ನುತ್ತಾನೆ. ಹಾಗಾದರೆ ಒಂದು ಕುರಿ ಕಳೆದರೆ ಗೊತ್ತಾಗುವುದು ಹೇಗೆ? ಮುಖ ನೋಡಿ. ಸಂಜೆ ಹಿಂಡು ಬೇಲಿಯ ಸಂದಿಯಲ್ಲಿ ಒಳಗೆ ಬರುವಾಗ ಅಣ್ಣ ಸುಮ್ಮನೆ ನಿಂತು ನೋಡುತ್ತಾನೆ. ಎಲ್ಲ ಬಂದ ಮೇಲೆ, "ಬೆಳ್ಳಕಿವಿ ಬಂದಿಲ್ಲ, ಕಾಲುವಿ ಕಡೆ ನೋಡ್ರಿ" ಎನ್ನುತ್ತಾನೆ. ಬೆಳ್ಳಕಿವಿ ಕಾಲುವೆಯ ಕಡೆಯೇ ಸಿಗುತ್ತದೆ.

ರೇಣು ಮೊದಲೆರಡು ದಿನ ಅಣ್ಣನ ಹಿಂದೆಯೇ ಇದ್ದಳು. ನಾನು ಹಳೆಯ ಗೆಳೆಯರನ್ನು ನೋಡಲು ಪೇಟೆಗೆ ಹೋಗಿದ್ದರಿಂದ ಶಾಲೆಗೆ ಸೂಟಿ ಬಿದ್ದಿತ್ತು. ತಿರುಗಿ ಬಂದು ನೋಡಿದರೆ ಅವಳಿಗೆ ಮೂವತ್ತು ನಲವತ್ತು ಕುರಿಗಳ ಗುರುತು ಸಿಕ್ಕಿತ್ತು. ಇದು ಮುರುಕುಗೊಂಬು, ಇದು ಕರಿಮೂತಿ, ಇದು ಬೆಳ್ಳಕಿವಿ, ಇದು ಅದರ ಮರಿ, ಇದರ ಹಿಂದಿನ ಕಾಲು ಸ್ವಲ್ಪ ಕುಂಟು, ಹಾಲು ಕಮ್ಮಿ ಕುಡಿಯುತ್ತದೆ ಎಂದು ಹೇಳುತ್ತ ನನ್ನನ್ನು ಹಿಂಡಿನ ನಡುವೆ ಎಳೆದುಕೊಂಡು ಹೋದಳು. ಹತ್ತು ತಿಂಗಳಲ್ಲಿ ನಾನು ಅಷ್ಟು ಖುಷಿಯ ಮುಖ ನೋಡಿರಲಿಲ್ಲ. ಯಾರೂ ಪಾಠವೆಂದು ಹೇಳದೆ ಅವಳು ಅಷ್ಟು ಕಲಿತಿದ್ದಳು. ಅದು ನನ್ನ ಕಣ್ಣಿಗೆ ಬಿದ್ದಿದ್ದರೆ ನಾನು ಮಾಸ್ತರ ಹೇಗಾದೇನು? ನನ್ನ ಕಣ್ಣಿಗೆ ಬಿದ್ದದ್ದು ಇಷ್ಟು ದೊಡ್ಡ ಹಿಂಡು ಇಟ್ಟುಕೊಂಡು ಗಣಿತ ಮಾಡದೆ ಎರಡು ದಿನ ಹಾಳಾಯಿತಲ್ಲ ಎಂಬುದು. ಅವತ್ತು ಸಂಜೆ ಅಣ್ಣ ನೀರು ತರಲು ಬಾವಿಗೆ ಹೋಗಿದ್ದ. ರೇಣುವನ್ನು ಬೇಲಿಯ ಸಂದಿಯ ಹತ್ತಿರ ನಿಲ್ಲಿಸಿ, ಕೈಗೆ ವಹಿ ಪೆನ್ಸಿಲ್ ಕೊಟ್ಟು, ಒಳಗೆ ಹೋಗುವ ಒಂದೊಂದು ಕುರಿಗೂ ಒಂದೊಂದು ಗೆರೆ ಹಾಕು, ಬಾಯಿಂದಲೂ ಎಣಿಸು ಎಂದೆ. ಅವಳು, "ದೊಡ್ಡಪ್ಪ ಎಣಿಸಬಾರದು ಅಂದಾನ" ಎಂದಳು. "ದೊಡ್ಡಪ್ಪ ಸಾಲಿ ಕಲತಿಲ್ಲ, ನೀ ಎಣಸು" ಎಂದೆ ನಾನು. ಅವಳು ಎಣಿಸಿದಳು. ನಾನು ಮೊಬೈಲಿನಲ್ಲಿ ವಿಡಿಯೊ ಮಾಡಿದೆ. ಲೆಕ್ಕ ನೂರಾ ಹದಿನೆಂಟಕ್ಕೆ ಬಂತು. ಅದನ್ನು ನಾಲ್ಕರಿಂದ ಗುಣಿಸಿದರೆ ಕಾಲುಗಳೆಷ್ಟು ಎಂದೂ ಕೇಳಿದೆ. ಒಲೆಯ ಹತ್ತಿರ ವೈನಿಯ ಕೈಯಲ್ಲಿದ್ದ ರೊಟ್ಟಿ ನಿಂತಿತು, ಆದರೆ ಅವರು ಮೈದುನನಿಗೆ ಎದುರು ಮಾತಾಡುವವರಲ್ಲ.

ಮರುದಿನ ಬೆಳಿಗ್ಗೆ ಬೆಳ್ಳಕಿವಿಯ ಮರಿ ಸತ್ತಿತ್ತು. ಬೇಲಿಯ ಮಗ್ಗುಲಿಗೆ ಮಲಗಿದಂತೆ ಬಿದ್ದಿತ್ತು. ಬೆಳ್ಳಕಿವಿ ಅದನ್ನು ಮೂತಿಯಿಂದ ಎಬ್ಬಿಸುತ್ತ ನಿಂತಿತ್ತು. ಅಣ್ಣ ಮರಿಯನ್ನು ಎತ್ತಿ, ತಿರುಗಿಸಿ ನೋಡಿದ. ಬಾಗಿಲು ಹಾಕುವುದನ್ನು ಯಾರು ಮರೆತಿರಿ ಎಂದು ಕೇಳುವ ಹಾಗೆ, ಸಿಟ್ಟಿಲ್ಲದೆ ಕೇಳಿದ: "ನಿನ್ನೆ ಯಾರರ ಎಣಿಸಿದ್ರೇನು?" ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಎಂದು ಗಾದೆಯಿದೆ. ಆ ಕಳ್ಳನೇ ವಾಸಿ, ಹೆಗಲನ್ನಾದರೂ ಮುಟ್ಟಿಕೊಂಡ. ನಾನು ಬೇವಿನ ಗಿಡ ನೋಡುತ್ತ ನಿಂತೆ. ರೇಣು ಮುಂದೆ ಬಂದು, "ನಾನಽ ಎಣಿಸೇನಿ ದೊಡ್ಡಪ್ಪಾ" ಎಂದಳು. ಹತ್ತು ತಿಂಗಳಿಂದ ಒಂದು ಗಳಿಗೆಯೂ ಮುಚ್ಚದ ನನ್ನ ಬಾಯಿ ಅವತ್ತು ಮುಚ್ಚಿತು. ಆಮೇಲೆ ಅದಕ್ಕೆ ನಾನೇ ಎಷ್ಟೋ ಸಮಜಾಯಿಷಿ ಕೊಟ್ಟುಕೊಂಡೆ. ಎಣಿಸಿದ್ದರಿಂದ ಮರಿ ಸಾಯುವುದಿಲ್ಲವಾದ ಮೇಲೆ ಯಾರು ಎಣಿಸಿದರೆಂಬ ಪ್ರಶ್ನೆಯೇ ಹುಟ್ಟುವುದಿಲ್ಲ, ನಾನು ಒಪ್ಪಿಕೊಂಡರೆ ಮೂಢನಂಬಿಕೆಗೆ ಸಹಿ ಹಾಕಿದ ಹಾಗಾಗುತ್ತದೆ, ಹೀಗೆಲ್ಲ. ನಿಜ ಹೇಳಬೇಕೆಂದರೆ ಅಣ್ಣನ ಎದುರು ನನಗೆ ಹೆದರಿಕೆಯಾಯಿತು. ನಲವತ್ತು ದಾಟಿದ ಮನುಷ್ಯ, ಹತ್ತು ವರ್ಷದ ಹುಡುಗಿಯ ಹಿಂದೆ ನಿಂತುಕೊಂಡೆ.

ಅಣ್ಣ ಅವಳ ತಲೆಯ ಮೇಲೆ ಕೈಯಿಟ್ಟ. "ಇದು ಹುಟ್ಟಿದಾಗಿಂದ ಸೊರಗಿತ್ತವ್ವ. ನಿನ್ನಿಂದಲ್ಲ ಬಿಡು" ಎಂದ. ರೇಣು ಆಗ ಅತ್ತಳು, ಅವನು ಅಳಬೇಡ ಎನ್ನಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ, "ಬಾ ಇಲ್ಲಿ, ಬೆಳ್ಳಕಿವಿ ಕೆಚ್ಚಲ ಬಿಗದೈತಿ. ಅವಳಿಮರಿ ಒಂದು ಹಚ್ಚೂಣು, ನೀ ತಲಿ ಹಿಡಿ" ಎಂದ. ಅವಳಿ ಹೆತ್ತ ಇನ್ನೊಂದು ಕುರಿಯ ಮರಿಯನ್ನು ತಂದು ಬೆಳ್ಳಕಿವಿಯ ಕೆಚ್ಚಲಿಗೆ ಬಿಟ್ಟ. ಅದು ಒದೆಯಿತು, ಸರಿಯಿತು, ತಿರುಗಿ ಮೂಸಿತು. ರೇಣು ಅದರ ಕುತ್ತಿಗೆ ಅಪ್ಪಿಕೊಂಡು ಅರ್ಧ ತಾಸು ಕೂತಿದ್ದಳು. ಕೊನೆಗೆ ಮರಿ ಕುಡಿಯಿತು. ನಾನು ಹತ್ತಿರ ಹೋಗಿ, "ನೋಡು ರೇಣು, ಇದಕ್ಕ ವಿಜ್ಞಾನದಾಗ..." ಎಂದು ಬಾಯಿ ತೆರೆದೆ. ಅಣ್ಣ ತಲೆ ಎತ್ತದೆ, "ತಮ್ಮಾ, ಸುಮ್ನಿರು" ಎಂದ. ಅಷ್ಟು ಹೊತ್ತು ಸುಮ್ಮನಿದ್ದವನು ಈಗ ಮಾತಾಡಲು ಬಂದೆಯಾ ಎಂದು ಅವನ ಮನಸ್ಸಿನಲ್ಲಿತ್ತೋ ಏನೋ, ನನಗೆ ಹಾಗೆ ಕೇಳಿಸಿತು. ಅಣ್ಣನಿಲ್ಲದಾಗ ರೇಣುವನ್ನು ಗಿಡದ ಕೆಳಗೆ ಕೂಡಿಸಿ ನಾನು ಕಾಗೆ ಕೂಡುವುದಕ್ಕೂ ಟೊಂಗೆ ಮುರಿಯುವುದಕ್ಕೂ ಸಂಬಂಧವಿಲ್ಲ ಎಂಬ ವಿಷಯವನ್ನು ಮುಕ್ಕಾಲು ತಾಸು ಉದಾಹರಣೆ ಸಹಿತ ವಿವರಿಸಿದೆ. ಅವಳು ಎಂದಿನಂತೆ ತಲೆಯಾಡಿಸಿದಳು.

ಊರಿಗೆ ಬಂದ ಮೇಲೆ ಹುಡುಗಿ ಮಂಕಾದಳು. ಮೊದಲು ಆಕಾಶ ಯಾಕೆ ನೀಲಿ, ಹಲ್ಲಿಗೆ ರೆಕ್ಕೆ ಯಾಕಿಲ್ಲ ಎಂದು ಏನಾದರೂ ಕೇಳುತ್ತಿದ್ದವಳು ಕೇಳುವುದನ್ನೇ ಬಿಟ್ಟಳು. ಬಿಸಿಲಿನಿಂದ ಇರಬೇಕೆಂದು ನಾನು ನಿಂಬೆಹಣ್ಣಿನ ಶರಬತ್ತು ಮಾಡಿಕೊಟ್ಟೆ, ಜೊತೆಗೆ ಆಮ್ಲದ ಪಾಠವನ್ನೂ. ಒಂದು ಮಧ್ಯಾಹ್ನ ಲೇತ್ ನಿಲ್ಲಿಸಿದಾಗ ಹಿತ್ತಲ ಗೋಡೆಯಾಚೆ ಅವಳ ದನಿ ಕೇಳಿಸಿತು. ಕಾಕೂನ ಹತ್ತಿರ ಮರಾಠಿಯಲ್ಲಿ, ಮರಿ ಸತ್ತರೆ ತಾಯಿಕುರಿಗೆ ಎಷ್ಟು ದಿನ ನೆನಪಿರುತ್ತದೆ ಎಂದು ಕೇಳುತ್ತಿದ್ದಳು. ಕಾಕೂ, ನನಗೇನು ಗೊತ್ತು ಬಾಳಾ, ನಿನ್ನ ಬಾಬಾನನ್ನು ಕೇಳು, ಅವನಿಗೆ ಎಲ್ಲ ಗೊತ್ತು ಎಂದರು. ಅದಕ್ಕೆ ರೇಣು, "ನಕೋ, ಬಾಬಾ ಧಡಾ ಶಿಕವತಾತ" ಎಂದಳು. ಬೇಡ, ಅಪ್ಪ ಪಾಠ ಹೇಳುತ್ತಾನೆ ಎಂದು. ನಾನು ಮತ್ತೆ ಲೇತ್ ಚಾಲೂ ಮಾಡಿದೆ. ಅವತ್ತು ಮಾಡಿದ ಎರಡು ಬುಶ್ ಅಳತೆ ತಪ್ಪಿ ಗುಜರಿಗೆ ಹೋದವು.

ಅಲ್ಲಿಗೇ ಬುದ್ಧಿ ಬಂತೆಂದು ನೀವು ತಿಳಿದರೆ ನಿಮಗೆ ನನ್ನ ಪರಿಚಯ ಸಾಲದು. ಮೇ ತಿಂಗಳ ಸಭೆಗೆ ರೇಣುವನ್ನು ಕರೆದುಕೊಂಡು ಕೊಲ್ಹಾಪುರಕ್ಕೆ ಹೋದೆ. ಗಾಳಿಯಂತ್ರದವರು, ಇರುವೆಯವರು ಎಲ್ಲ ಬಂದಿದ್ದರು. ನನ್ನ ಸರದಿ ಬಂದಾಗ ಮೊಬೈಲ್ ಕೈಯಿಂದ ಕೈಗೆ ದಾಟಿಸಿ ಆ ವಿಡಿಯೊ ತೋರಿಸಿದೆ. ಹಳ್ಳಿಯ ಸಂಜೆ, ಧೂಳು, ಕುರಿ, ವಹಿ ಹಿಡಿದ ಹುಡುಗಿ. ಮೂಢನಂಬಿಕೆಯನ್ನು ಗಣಿತದಿಂದ ಗೆದ್ದ ಬಗೆ ಎಂದು ಹೇಳಿದೆ. ಮರುದಿನ ಬೆಳಗಿನ ಸುದ್ದಿಯನ್ನು ಹೇಳಲಿಲ್ಲ. ಜನ ಚಪ್ಪಾಳೆ ತಟ್ಟಿದರು. ಒಬ್ಬ ತಾಯಿ ರೇಣುವಿನ ಗಲ್ಲ ಮುಟ್ಟಿ, "ಕಿತೀ ಮೆಂಢ್ಯಾ ಹೋತ್ಯಾ ಗಂ?" ಎಂದು ಕೇಳಿದರು. ಎಷ್ಟು ಕುರಿ ಇದ್ದವು ಎಂದು. ರೇಣು ನೆಲ ನೋಡುತ್ತ, "ಮಾಹೀತ ನಾಹೀ" ಎಂದಳು. ಗೊತ್ತಿಲ್ಲ! ನಾನು ನಗುತ್ತ, "ನೂರಾ..." ಎಂದು ಎಳೆ ಬಿಟ್ಟೆ. ಅವಳು ತುಟಿ ಬಿಗಿಹಿಡಿದು ತಲೆ ಅಲ್ಲಾಡಿಸಿದಳು. ಎಲ್ಲರೂ ನಕ್ಕರು. ಇರುವೆಯ ಹುಡುಗಿಯ ಅಪ್ಪ ಸಮಾಧಾನ ಮಾಡುವವನಂತೆ ನನ್ನ ಬೆನ್ನು ತಟ್ಟಿದ. ಅದು ನನಗೆ ಎಲ್ಲಕ್ಕಿಂತ ಹೆಚ್ಚು ಉರಿಯಿತು.

ಬಸ್ಸು ಕೊಲ್ಹಾಪುರ ಬಿಡುವವರೆಗೆ ತಡೆದುಕೊಂಡೆ. ಆಮೇಲೆ ಶುರು ಮಾಡಿದೆ. ಒಂದು ವರ್ಷ ಕಲಿಸಿದ್ದು ಏನಾಯಿತು, ನಾಲ್ಕು ಮಂದಿಯಲ್ಲಿ ನನ್ನ ಮಾನ ಏನಾಯಿತು, ಎಣಿಸಿದವಳಿಗೆ ಒಂದು ಸಂಖ್ಯೆ ನೆನಪಿಲ್ಲವೇ. ಅವಳು ಕಿಟಕಿಯ ಹೊರಗೆ ನೋಡುತ್ತಿದ್ದಳು. ಹಾಗೇ ನೋಡುತ್ತ, "ನೆಪ್ಪೈತಿ" ಎಂದಳು. "ಮತ್ತ ಯಾಕ ಹೇಳಲಿಲ್ಲ?" ಎಂದೆ. ಅವಳು ಹೇಳಿದಳು: "ಹೇಳಿದ್ರ ಇನ್ನೊಂದ ಸಾಯ್ತೈತಿ."

ಈ ಒಂದು ಮಾತು ಕೇಳಿ ಯಾವ ತಂದೆಯಾದರೂ ಮಗಳನ್ನು ಹತ್ತಿರ ಎಳೆದುಕೊಂಡು ಸುಮ್ಮನೆ ಕೂಡುತ್ತಿದ್ದ. ಒಂದು ತಿಂಗಳಿಂದ ಹುಡುಗಿ ಆ ಸಂಖ್ಯೆಯನ್ನು ಬಾಯಲ್ಲಿ ಬಿಗಿದಿಟ್ಟುಕೊಂಡು ಗಡಹಿಂಗ್ಲಜದ ಹಿಂಡನ್ನು ಕಾಯುತ್ತಿದ್ದಳು. ನಾನು ಏನು ಮಾಡಿದೆ ಗೊತ್ತೇ? ಹಾತಕಣಂಗಲೆಯಿಂದ ಇಚಲಕರಂಜಿಯವರೆಗೆ ಸಂಭವನೀಯತೆಯ ಪಾಠ ಮಾಡಿದೆ. ನಾಣ್ಯ ತೆಗೆದು ಚಿಮ್ಮಿಯೂ ತೋರಿಸಿದೆ. ಅದು ಬಸ್ಸಿನ ಕುಲುಕಿಗೆ ಸೀಟಿನ ಕೆಳಗೆ ಹೋಯಿತು. ನಾನು ಬಗ್ಗಿ ಹುಡುಕಿ ಮೇಲೆ ಎದ್ದಾಗ ರೇಣು ಕಣ್ಣು ಮುಚ್ಚಿಕೊಂಡಿದ್ದಳು. ನಿದ್ದೆ ಬಂದಿರಲಿಲ್ಲ, ರೆಪ್ಪೆ ಅದುರುತ್ತಿತ್ತು.

ಮನೆಗೆ ಬಂದು ಸುನಂದಾಳ ಮುಂದೆ ಹುಡುಗಿಯ ಮೂಢನಂಬಿಕೆಯ ಬಗ್ಗೆ ದೂರು ಹೇಳಿದೆ. ಅವಳು ಮೊಬೈಲ್ ಈಸಿಕೊಂಡು ವಿಡಿಯೊ ನೋಡಿದಳು. ಇನ್ನೊಮ್ಮೆ ನೋಡಿದಳು. ಅದರಲ್ಲಿ ಹುಡುಗಿಯ ದನಿಗಿಂತ ನನ್ನ ದನಿಯೇ ಜೋರಾಗಿತ್ತು: "ಎಣಸು, ಜೋರಾಗಿ ಎಣಸು." ಸುನಂದಾ ಕೇಳಿದಳು, "ಎಣಿಸಿದ್ದಕ್ಕ ಮರಿ ಸತ್ತಿಲ್ಲಂತ ಅಕೀಗೆ ಎಷ್ಟ ಸಲ ಹೇಳೀರಿ?" ಬೇಕಾದಷ್ಟು ಸಲ ಎಂದೆ. "ಎಣಸು ಅಂದಾಂವ ನಾನು ಅಂತ ಎಷ್ಟ ಸಲ ಹೇಳೀರಿ?" ಇಪ್ಪತ್ತು ವರ್ಷ ಮಕ್ಕಳ ಮುಖ ನೋಡಿದ ಶಿಕ್ಷಕಿ, ಉತ್ತರ ಗೊತ್ತಿಲ್ಲದ ಹುಡುಗ ಹೇಗೆ ನಿಲ್ಲುತ್ತಾನೆಂದು ಅವಳಿಗೆ ಚೆನ್ನಾಗಿ ಗೊತ್ತು. ಅಣ್ಣನ ಎದು‌ರು ಸುಮ್ಮನೆ ನಿಂತದ್ದನ್ನೂ ಆಗ ಹೇಳಿದೆ. ಅವಳು ಬೈಯಲಿಲ್ಲ, ಮೊಬೈಲನ್ನು ನನ್ನ ಕೈಯಲ್ಲಿ ಇಟ್ಟು ಒಳಗೆ ಹೋದಳು.

ಅಣ್ಣನಿಗೆ ಫೋನ್ ಮಾಡಿದೆ. ಅದು ಇದು ಮಾತಾಡಿ, ಮಳೆ, ಮೇವು ಎಲ್ಲ ಕೇಳಿ, ಕೊನೆಗೆ ಹೇಳಿದೆ: "ಅಣ್ಣಾ, ಅವತ್ತು ಎಣಸಂತ ಹೇಳಿದಾಂವ ನಾನು." ಆ ಕಡೆ ಕುರಿಗಳ ಸದ್ದು ಕೇಳಿಸಿತು. "ಗೊತ್ತೈತಿ ತಮ್ಮಾ. ಮಾಳವ್ವ ಅವತ್ತಿನ ದಿನಾನಽ ಹೇಳಿದ್ಲು" ಎಂದ ಅಣ್ಣ. "ಗೊತ್ತಿದ್ದೂ ಯಾಕ ಕೇಳಿದಿ?" ಎಂದೆ. "ನೀ ಹೇಳ್ತೀಯೇನೊ ಅಂತ ನೋಡಿದ್ನಿ. ಕೂಸು ಹೇಳ್ತು. ಇರ್ಲಿ ಬಿಡು, ಕೂಸು ಶಾಣ್ಯಾ ಐತಿ." ಬೈದಿದ್ದರೆ ಚೆನ್ನಾಗಿತ್ತು. ಬೆಳ್ಳಕಿವಿ ಹೇಗಿದೆ ಎಂದು ಕೇಳಿದೆ. ಚೆನ್ನಾಗಿದೆ, ಆ ಮರಿಯನ್ನು ಈಗ ತಾನಾಗಿ ಕರೆದು ಕುಡಿಸುತ್ತದೆ, ರೇಣುಗೆ ಹೇಳು ಎಂದ.

ರೇಣು ಕಟ್ಟೆಯ ಮೇಲೆ ಕೂತಿದ್ದಳು. ಪಕ್ಕದಲ್ಲಿ ಕೂತು ಮೊದಲು ಬೆಳ್ಳಕಿವಿಯ ಸುದ್ದಿ ಹೇಳಿದೆ. ಆಮೇಲೆ, ಎಣಿಸಿದ್ದು ತಪ್ಪೋ ಒಪ್ಪೋ ನನಗೆ ಗೊತ್ತಿಲ್ಲ, ತಪ್ಪಾಗಿದ್ದರೆ ಅದು ನನ್ನದು, ನೀನು ಬೇಡ ಎಂದೇ ಅಂದಿದ್ದೆ, ನಾನು ಕೇಳಲಿಲ್ಲ ಎಂದೆ. ಒಂದು ವರ್ಷದಲ್ಲಿ ನಾನು ಮಾಡಿದ ಅತ್ಯಂತ ಚಿಕ್ಕ ಭಾಷಣ ಅದು. ಅವಳು, "ಗೊತ್ತೈತಿ" ಎಂದಳು. ಎಲ್ಲರಿಗೂ ಎಲ್ಲ ಗೊತ್ತೇ ಇತ್ತು, ಮಾಸ್ತರನೊಬ್ಬನಿಗೆ ಬಿಟ್ಟು. "ಮತ್ತ ನಾನಽ ಅಂತ ಯಾಕ ಹೇಳಿದಿ?" ಎಂದೆ. "ದೊಡ್ಡಪ್ಪ ನಿನಗ ಬೈತಿದ್ದ. ಸಣ್ಣವರಿಗೆ ಭಾಳ ಬೈಯಂಗಿಲ್ಲ" ಎಂದಳು. ಅವಳ ಮುಖ ನೋಡಲು ನನಗಾಗಲಿಲ್ಲ. ಆಮೇಲೆ ಅವಳೇ ಕೇಳಿದಳು: "ಅಪ್ಪಾ, ಜೂನದಾಗ ನಾ ಸಾಲಿಗೆ ಹೋಗ್ಲಿ?" ಯಾಕೆ ಎಂದು ಕೇಳಿದೆ. ಗೆಳತಿಯರು ಬೇಕು, ಆಟ ಬೇಕು ಎನ್ನುತ್ತಾಳೆಂದು ಕಾದೆ. ಅವಳು ಬಹಳ ಯೋಚನೆ ಮಾಡಿ ಹೇಳಿದಳು: "ಅಲ್ಲೆ ಗಂಟಿ ಹೊಡದ್ರ ಪಾಠ ಮುಗೀತೈತಿ." ಅವ್ವನ ಶಾಲೆಯೂ ಬೇಡವಂತೆ. "ಅಲ್ಲೆ ಅಕಿ ಅವ್ವ ಇರಂಗಿಲ್ಲ, ಟೀಚರ್ ಇರ್ತಾಳ" ಎಂದು ಅದಕ್ಕೂ ಕಾರಣ ಕೊಟ್ಟಳು.

ಜೂನಿನಲ್ಲಿ ಇನ್ನೊಂದು ಶಾಲೆಗೆ ಹೆಸರು ಹಚ್ಚಲು ಹೋದೆವು. ಕನ್ನಡಕ ಮೂಗಿನ ತುದಿಗೆ ಇಳಿಬಿಟ್ಟುಕೊಂಡಿದ್ದ ಗುಮಾಸ್ತರು, ಹುಡುಗಿ ಒಂದು ವರ್ಷ ಎಲ್ಲಿದ್ದಳು ಎಂದು ಮರಾಠಿಯಲ್ಲಿ ಕೇಳಿದರು. ಮನೆಯಲ್ಲಿ ಎಂದೆ. ಕಾಯಿಲೆಯೇ ಎಂದರು. ಇಲ್ಲ, ಮನೆಯಲ್ಲೇ ಶಿಕ್ಷಣ ನಡೆದಿತ್ತು, ಈಗ ನಿಲ್ಲಿಸಿದ್ದೇವೆ ಎಂದೆ. ಯಾಕೆ ನಿಲ್ಲಿಸಿದಿರೆಂದು ಬರೆದುಕೊಡಿ ಎಂದು ಕಾಗದ ಕೊಟ್ಟರು. ನಾನು ಎರಡು ಪುಟ ಬರೆದೆ. ಅವರು ಅದನ್ನು ಓದದೆ ತಿರುಗಿಸಿ ಕೊಟ್ಟು, "ಏಕಾ ಓಳೀತ ಲಿಹಾ" ಎಂದರು, ಒಂದು ಸಾಲಿನಲ್ಲಿ ಬರೆಯಿರಿ. ಬಾಕಿನ ಮೇಲೆ ಕೂತು 'ಮಗಳ ಇಚ್ಛೆಯ ಮೇರೆಗೆ' ಎಂದು ಬರೆಯಲು ಶುರು ಮಾಡಿದೆ. ಅದು ಸುಳ್ಳೂ ಆಗಿರಲಿಲ್ಲ. 'ಮಗಳ' ಎಂಬಲ್ಲಿಗೆ ಪೆನ್ನು ನಿಂತಿತು. ಮತ್ತೆ ಅವಳ ತಲೆಯ ಮೇಲೆಯೇ ಹೊರಿಸುತ್ತಿದ್ದೆ. ಅದನ್ನು ಹೊಡೆದುಹಾಕಿ, ಶಿಕ್ಷಕ ಯೋಗ್ಯನಿರಲಿಲ್ಲ ಎಂದು ಮರಾಠಿಯಲ್ಲಿ ಬರೆದು ಕೊಟ್ಟೆ. ಗುಮಾಸ್ತರು ಓದಿದರು. ಮನೆಗೆ ಬಂದು ಕಲಿಸುವ ಯಾರೋ ಮಾಸ್ತರನೆಂದು ತಿಳಿದಿರಬೇಕು, ಬಹಳ ಮರುಕದಿಂದ ತಲೆ ಅಲ್ಲಾಡಿಸಿ ಠಸ್ಸೆ ಒತ್ತಿದರು. "ಹುಡುಗಿಯ ಒಂದು ವರ್ಷ ಹೋಯಿತಲ್ಲ ಪಾಪ. ಇನ್ನು ಮೇಲೆ ಆ ಮಾಸ್ತರನನ್ನು ಟ್ಯೂಷನ್ನಿಗೂ ಮನೆಯೊಳಗೆ ಬಿಟ್ಟುಕೊಳ್ಳಬೇಡಿ" ಎಂದು ಮರಾಠಿಯಲ್ಲಿ ಬುದ್ಧಿ ಹೇಳಿದರು. ಪಕ್ಕದಲ್ಲಿ ರೇಣು ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು, ಆದರೂ ನಗು ಹೊರಗೆ ಬಂತು. ಏಪ್ರಿಲ್ ತಿಂಗಳಿನಿಂದ ನಾನು ಕೇಳದ ನಗು ಅದು. ಇಲ್ಲ ಸಾಹೇಬರೇ, ಬಿಟ್ಟುಕೊಳ್ಳುವುದಿಲ್ಲ ಎಂದು ಗುಮಾಸ್ತರಿಗೆ ಮಾತು ಕೊಟ್ಟು, ಪಾಲಕರ ಜಾಗದಲ್ಲಿ ಸಹಿ ಮಾಡಿದೆ.